ಬೆಳೆ ಮಾದರಿಗಳು ಮತ್ತು ಹವಾಮಾನ ಬದಲಾವಣೆ

ಬೆಳೆ ಮಾದರಿ ಎಂದರೆ ಬಿತ್ತನೆಯಿಂದ ಕೊಯ್ಲಿನವರೆಗೆ ಬೆಳೆಯೊಂದರ ಬೆಳವಣಿಗೆಯನ್ನು ಗಣಿತದ ಸಮೀಕರಣಗಳ ಮೂಲಕ ಅನುಕರಿಸುವ ಗಣಕಯಂತ್ರದ ತಂತ್ರಾಂಶ. ಮುಂದಿನ ದಶಕಗಳ ಹವಾಮಾನವನ್ನು ಇಂದಿನ ಹೊಲದಲ್ಲಿ ಪೂರ್ಣವಾಗಿ ಸೃಷ್ಟಿಸಲಾಗದ ಕಾರಣ, ಆಹಾರ ಉತ್ಪಾದನೆಯ ಮೇಲೆ ಹವಾಮಾನ ಬದಲಾವಣೆಯ ಪರಿಣಾಮವನ್ನು ಅಂದಾಜಿಸಲು ಇಂತಹ ಮಾದರಿಗಳನ್ನು ಬಳಸಲಾಗುತ್ತದೆ.

ಇತಿಹಾಸ

1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿ ಸಿ. ಟಿ. ಡಿ ವಿಟ್ ಅವರು ಎಲೆಗಳ ಮೇಲೆ ಬೀಳುವ ಬೆಳಕಿನಿಂದ ದ್ಯುತಿಸಂಶ್ಲೇಷಣೆಯನ್ನು ಲೆಕ್ಕಹಾಕುವ ವಿಧಾನವನ್ನು ರೂಪಿಸಿ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದರು. ಡಿಎಸ್ಎಸ್ಎಟಿ, ಆಸ್ಟ್ರೇಲಿಯಾದ ಎಪಿಸಿಮ್ ಹಾಗೂ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಇನ್ಫೋಕ್ರಾಪ್ ಇಂದು ಬಳಕೆಯಲ್ಲಿರುವ ಕೆಲವು ಮಾದರಿಗಳು.

ಕಾರ್ಯವಿಧಾನ

ದಿನದ ಉಷ್ಣತೆ, ಮಳೆ, ಸೂರ್ಯನ ವಿಕಿರಣ, ಮಣ್ಣಿನ ಗುಣ, ತಳಿ ಮತ್ತು ಬಿತ್ತನೆಯ ದಿನಾಂಕ ಇವುಗಳನ್ನು ಮಾದರಿಗೆ ಒದಗಿಸಲಾಗುತ್ತದೆ. ಅದು ಎಲೆಯ ವಿಸ್ತಾರ, ಮಣ್ಣಿನ ತೇವಾಂಶ ಮತ್ತು ಕಾಳಿನ ತೂಕವನ್ನು ದಿನದಿಂದ ದಿನಕ್ಕೆ ಲೆಕ್ಕಹಾಕುತ್ತದೆ. ಮೊದಲು ಹಿಂದಿನ ವರ್ಷಗಳ ನೈಜ ಇಳುವರಿಯೊಂದಿಗೆ ಫಲಿತಾಂಶವನ್ನು ಹೋಲಿಸಿ ಮಾದರಿಯನ್ನು ಪರೀಕ್ಷಿಸಲಾಗುತ್ತದೆ. ಬಳಿಕ ಹವಾಮಾನ ಮಾದರಿಗಳು ನೀಡುವ ಭವಿಷ್ಯದ ಅಂದಾಜುಗಳನ್ನು ಅದಕ್ಕೆ ಅಳವಡಿಸಲಾಗುತ್ತದೆ.

ಉಷ್ಣತೆ ಹೆಚ್ಚಿದಂತೆ ಬೆಳೆ ಬೇಗ ಮಾಗುವುದರಿಂದ ಕಾಳು ತುಂಬಲು ದೊರೆಯುವ ಅವಧಿ ಕಡಿಮೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ವಾಯುಮಂಡಲದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡ್ ಭತ್ತ ಮತ್ತು ಗೋಧಿಯ ದ್ಯುತಿಸಂಶ್ಲೇಷಣೆಯನ್ನು ಹೆಚ್ಚಿಸುತ್ತದೆ. ಮೆಕ್ಕೆಜೋಳ ಮತ್ತು ಜೋಳಗಳಿಗೆ ಈ ಪ್ರಯೋಜನ ಅಲ್ಪ.

ಪ್ರಮುಖ ಅಧ್ಯಯನಗಳು

1994ರಲ್ಲಿ ಸಿಂಥಿಯಾ ರೋಸೆನ್‌ಜ್ವೈಗ್ ಮತ್ತು ಮಾರ್ಟಿನ್ ಪ್ಯಾರಿ ಪ್ರಕಟಿಸಿದ ಅಧ್ಯಯನವು, ಜಗತ್ತಿನ ಒಟ್ಟು ಉತ್ಪಾದನೆಯಲ್ಲಿ ಇಳಿಕೆ ಅಲ್ಪವಾಗಿದ್ದರೂ ಅಭಿವೃದ್ಧಿಶೀಲ ದೇಶಗಳು ಹೆಚ್ಚಿನ ಹಾನಿ ಅನುಭವಿಸುತ್ತವೆ ಎಂದು ತೋರಿಸಿತು. ಹೀಗೆ ಜಾಗತಿಕ ಸರಾಸರಿಯೊಂದೇ ಹಸಿವಿನ ಅಪಾಯವನ್ನು ಮರೆಮಾಚಬಲ್ಲದು ಎಂಬುದು ಸ್ಪಷ್ಟವಾಯಿತು. 2015ರಲ್ಲಿ 30 ಗೋಧಿ ಮಾದರಿಗಳನ್ನು ಒಟ್ಟಾಗಿ ಬಳಸಿದ ಅಧ್ಯಯನವು, ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಜಾಗತಿಕ ಗೋಧಿ ಉತ್ಪಾದನೆ ಸುಮಾರು 6% ಕುಸಿಯುತ್ತದೆ ಎಂದು ಅಂದಾಜಿಸಿತು.

ಮಿತಿಗಳು ಮತ್ತು ಉಪಯೋಗ

ಒಂದೇ ಹೊಲಕ್ಕೆ ಬೇರೆ ಬೇರೆ ಮಾದರಿಗಳು ಭಿನ್ನ ಇಳುವರಿಯನ್ನು ಸೂಚಿಸುವುದುಂಟು. ಕೀಟ, ರೋಗ ಮತ್ತು ನೆರೆಯಿಂದಾಗುವ ನಷ್ಟವನ್ನು ಹಲವು ಮಾದರಿಗಳು ಪರಿಗಣಿಸುವುದಿಲ್ಲ. ಆದ್ದರಿಂದ ಒಂದೇ ಮಾದರಿಯನ್ನು ನೆಚ್ಚದೆ ಅನೇಕ ಮಾದರಿಗಳ ಫಲಿತಾಂಶಗಳನ್ನು ಹೋಲಿಸುವ ಪದ್ಧತಿ ರೂಢಿಗೆ ಬಂದಿದೆ. 2010ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಯೋಜನೆ ಆಗ್‌ಮಿಪ್ ಇದೇ ಉದ್ದೇಶದ್ದು. ಮಾದರಿಗಳು ಭವಿಷ್ಯವಾಣಿ ನುಡಿಯುವುದಿಲ್ಲ. ಬಿತ್ತನೆಯ ಕಾಲವನ್ನು ಬದಲಿಸಿದರೆ, ಶಾಖ ಸಹಿಸುವ ತಳಿಯನ್ನು ಆರಿಸಿದರೆ ಅಥವಾ ನೀರಾವರಿ ಒದಗಿಸಿದರೆ ನಷ್ಟವನ್ನು ಎಷ್ಟರಮಟ್ಟಿಗೆ ತಗ್ಗಿಸಬಹುದು ಎಂಬುದನ್ನು ಮುಂಚಿತವಾಗಿ ತುಲನೆ ಮಾಡಲು ನೆರವಾಗುತ್ತವೆ.