ಲಾರಿಯ ಕೆಂಪು ದೀಪವೂ ಎಣ್ಣೆಯ ಒತ್ತಡವೂ

ನಮ್ಮ ಮಡತ್ತುಕುಳಂ ಉಡುಮಲಪೇಟೆಗೂ ಪಳನಿಗೂ ನಡುವೆ ಹೆದ್ದಾರಿಯ ಮೇಲಿರುವ ಊರು. ಹಿಂದೆ ೨೦೯ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರಾಗಿದ್ದ ಈ ದಾರಿಯು ದಿಂಡಿಗಲ್ಲಿನಿಂದ ಹೊರಟು, ನಮ್ಮೂರನ್ನು ಹಾದು, ಕೊಯಮತ್ತೂರು ಸತ್ಯಮಂಗಲಗಳನ್ನು ದಾಟಿ, ದಿಂಬಂ ಘಟ್ಟದ ೨೭ ತಿರುವುಗಳನ್ನು ಏರಿ, ಚಾಮರಾಜನಗರದ ಮೂಲಕ ಬೆಂಗಳೂರನ್ನು ಸೇರುತ್ತಿತ್ತು. ಈಗ ಹೆದ್ದಾರಿಗಳ ಸಂಖ್ಯೆ ಬದಲಾಗಿದೆ, ದಾರಿ ಬದಲಾಗಿಲ್ಲ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ನಮ್ಮ ಜನರಲ್ಲಿ ಲಾರಿಯನ್ನೇ ನಂಬಿ ಸಂಸಾರ ಸಾಗಿಸುವವರೂ ಇದ್ದಾರೆ. ಆದುದರಿಂದ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಲಾರಿಯ ವಿಷಯವಾಗಿ ನಾಲ್ಕು ಮಾತು ಬರೆದರೆ ಅಪ್ರಸ್ತುತವಾಗದೆಂದು ಭಾವಿಸುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ದ್ರವಗಳ ಒತ್ತಡವನ್ನು ಕುರಿತು ಪಾಠ ಮಾಡುತ್ತಿದ್ದಾಗ ಒಮ್ಮೆ ಒಬ್ಬ ಬಾಲಕ ಎದ್ದು ನಿಂತು, “ಸಾರ್, ನಮ್ಮಪ್ಪನ ಲಾರಿಯಲ್ಲಿ ಆಯಿಲಿನ ಕೆಂಪು ದೀಪ ಆರುವುದೇ ಇಲ್ಲ. ವೈರು ಕಿತ್ತರೆ ಆರುತ್ತದೆಂದು ಯಾರೋ ಹೇಳಿದರಂತೆ. ಕೀಳಬಹುದೆ?” ಎಂದು ಕೇಳಿದನು. ನಾನು ಒಡನೆ ಉತ್ತರ ಕೊಡಲಿಲ್ಲ. ಕೆಲವು ವರ್ಷಗಳ ಹಿಂದೆ ಮತ್ತೊಬ್ಬ ಪೋಷಕರು ಹೀಗೆಯೇ ವೈರು ಕಿತ್ತು, ದೀಪ ಆರಿತೆಂದು ಸಮಾಧಾನಪಟ್ಟುಕೊಂಡು ಲಾರಿ ನಡೆಸಿದ್ದುದು ನನಗೆ ನೆನಪಾಯಿತು. ಎರಡು ವಾರಗಳೊಳಗೆ, ತೆಂಗಿನಕಾಯಿಯ ಹೊರೆಯೊಡನೆ ಘಟ್ಟವೇರುತ್ತಿದ್ದಾಗ, ಅವರ ಎಂಜಿನ್ನು ಬಿಗಿದು ನಿಂತುಹೋಯಿತು. ದುರಸ್ತಿಯ ಖರ್ಚೂ ಸಾಲದ ಕಂತೂ ಒಟ್ಟಿಗೆ ತಲೆಯ ಮೇಲೆ ಬಿದ್ದುವು. ಹತ್ತನೆಯ ತರಗತಿಯಲ್ಲಿದ್ದ ಅವರ ಮಗ ಒಂದು ವರ್ಷ ಪುಸ್ತಕವನ್ನು ಮುಚ್ಚಿಟ್ಟು ತಿರುಪ್ಪೂರಿನ ಬನಿಯನ್ ಕೆಲಸಕ್ಕೆ ಹೋಗಬೇಕಾಯಿತು. ಅವನನ್ನು ಮರಳಿ ಶಾಲೆಗೆ ಕರೆತರಲು ನಾವು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಒಂದು ವೈರಿನ ಕಥೆ ಇಷ್ಟು ದೂರ ಹೋಗಬಲ್ಲದು.

ಹಾಗಾದರೆ ಆ ದೀಪವು ಹೇಳುವುದೇನು? ನಮ್ಮ ತೆಂಗಿನ ತೋಟವನ್ನು ನೆನೆಯಿರಿ. ಮೋಟಾರು ಬಾವಿಯ ನೀರನ್ನು ಮೇಲೆತ್ತುತ್ತದೆ. ನೀರು ಕಾಲುವೆಗಳಲ್ಲಿ ಹರಿದು ಕಟ್ಟಕಡೆಯ ಮರದ ಬುಡವನ್ನು ಮುಟ್ಟುತ್ತದೆ. ಎಂಜಿನ್ನಿನಲ್ಲಿಯೂ ವ್ಯವಸ್ಥೆ ಇಂತಹುದೇ. ತಳದಲ್ಲಿರುವ ಸಂಪೆಂಬ ತೊಟ್ಟಿಯೇ ಬಾವಿ. ಎಂಜಿನ್ನಿನ ಬಲದಿಂದಲೇ ತಿರುಗುವ ಪಂಪು ಎಣ್ಣೆಯನ್ನು ಹೀರಿ, ಫಿಲ್ಟರಿನ ಮೂಲಕ ಸೋಸಿ, ಲೋಹದೊಳಗೆ ಕೊರೆದ ಸಣ್ಣ ಕಾಲುವೆಗಳಲ್ಲಿ ನೂಕುತ್ತದೆ. ಬಾವಿಯಲ್ಲಿ ನೀರು ಬತ್ತಿದರೆ, ಮೋಟಾರು ಸೊರಗಿದರೆ, ಇಲ್ಲವೆ ಕಾಲುವೆಯ ಏರಿ ಒಡೆದರೆ ಕಡೆಯ ಮರಕ್ಕೆ ನೀರಿಲ್ಲ. ಹಾಗೆಯೇ ಎಣ್ಣೆ ಕಡಿಮೆಯಾದರೆ, ಪಂಪು ಸವೆದರೆ, ಇಲ್ಲವೆ ಬೇರಿಂಗುಗಳು ಸವೆದು ಸಂದು ದೊಡ್ಡದಾಗಿ ಎಣ್ಣೆ ಸುಲಭವಾಗಿ ಸೋರಿದರೆ ಒತ್ತಡ ಕುಸಿಯುವುದು.

ತಿರುಗುವ ಕ್ರ್ಯಾಂಕಿಗೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಇರುವುದು ಎಣ್ಣೆಯ ಒಂದು ತೆಳುಪದರ ಮಾತ್ರ. ಆ ಪದರದ ಬಲವೆಷ್ಟೆಂಬುದನ್ನು ಇಂಗ್ಲೆಂಡಿನ ಬೋಷಂಪ್ ಟವರ್ ಎಂಬ ಎಂಜಿನಿಯರು ಕಂಡುಕೊಂಡ ಬಗೆ ಸ್ವಾರಸ್ಯವಾಗಿದೆ. ರೈಲುಗಾಡಿಯ ಅಚ್ಚಿನಂಥ ದಂಡವನ್ನು ತಿರುಗಿಸಿ ಪ್ರಯೋಗ ಮಾಡುತ್ತಿದ್ದಾಗ, ಬೇರಿಂಗಿನ ಮೇಲ್ಭಾಗದಲ್ಲಿ ಕೊರೆದ ರಂಧ್ರದಿಂದ ಎಣ್ಣೆ ಉಕ್ಕಿಬಂದಿತು. ಮರದ ಬೆಣೆ ಬಡಿದರೆ ಎಣ್ಣೆ ಅದನ್ನೂ ಹೊರಕ್ಕೆ ತಳ್ಳಿತು. ಅಲ್ಲಿ ಮಾಪಕವನ್ನಿಟ್ಟು ನೋಡಲಾಗಿ, ಬೇರಿಂಗಿನ ಮೇಲಿನ ಸರಾಸರಿ ಹೊರೆ ಚದರ ಅಂಗುಲಕ್ಕೆ ೧೦೦ ಪೌಂಡಿದ್ದರೂ ಎಣ್ಣೆಯ ಒತ್ತಡ ೨೦೦ ಪೌಂಡನ್ನು ಮೀರಿತ್ತು. ಈ ವಿಷಯ ೧೮೮೩ರಲ್ಲಿ ಪ್ರಕಟವಾಯಿತು. ೧೮೮೬ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಇದರ ಕಾರಣವನ್ನು ಗಣಿತದಿಂದ ವಿವರಿಸಿದರು. ತಿರುಗುವ ದಂಡವು ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದು ತಾನೇ ಅದರ ಮೇಲೆ ತೇಲುತ್ತದೆ. ಪಂಪಿನ ಕೆಲಸವೆಂದರೆ ಈ ಪದರಕ್ಕೆ ಬೇಕಾದ ಎಣ್ಣೆಯನ್ನು ಎಡೆಬಿಡದೆ ಒದಗಿಸುವುದು. ಅದು ತಪ್ಪಿದರೆ ಲೋಹವು ಲೋಹವನ್ನು ಉಜ್ಜಿ, ಕಾದು, ಬಿಗಿದುಕೊಳ್ಳುವುದು.

ಈ ಕಾಲುವೆಗಳ ಒತ್ತಡವನ್ನು ಡ್ರೈವರಿಗೆ ತಿಳಿಸಲು ಎಂಜಿನ್ನಿನ ಬ್ಲಾಕಿಗೆ, ಸಾಮಾನ್ಯವಾಗಿ ಫಿಲ್ಟರಿನ ಬಳಿ, ಹೆಬ್ಬೆರಳಿನಷ್ಟು ಗಾತ್ರದ ಒಂದು ಭಾಗವನ್ನು ತಿರುಪಿನಿಂದ ಕೂರಿಸಿರುತ್ತಾರೆ. ಹಳೆಯ ಲಾರಿಗಳಲ್ಲಿ ಇದು ಬರಿಯ ಸ್ವಿಚ್ಚು. ಒಳಗೊಂದು ತೆಳು ಪೊರೆಯೂ ಸ್ಪ್ರಿಂಗೂ ಇವೆ. ಒತ್ತಡವಿಲ್ಲದಾಗ ವಿದ್ಯುತ್ತಿನ ದಾರಿ ಕೂಡಿಕೊಂಡು ದೀಪ ಉರಿಯುತ್ತದೆ; ಒತ್ತಡ ಬಂದೊಡನೆ ಪೊರೆ ಸರಿದು, ದಾರಿ ಕಡಿದು, ದೀಪ ಆರುತ್ತದೆ. ಕೀಲಿ ತಿರುಗಿಸಿದಾಗ ಉರಿದು, ಎಂಜಿನ್ನು ಹೊರಟ ಕೆಲವು ಕ್ಷಣಗಳಲ್ಲಿ ಆರುವುದೇ ಅದರ ಆರೋಗ್ಯದ ಲಕ್ಷಣ. ವೈರು ಕಿತ್ತರೂ ದಾರಿ ಕಡಿಯುತ್ತದೆ, ದೀಪ ಆರುತ್ತದೆ. ಆದರೆ ಎಣ್ಣೆಯ ಸ್ಥಿತಿ ಇದ್ದಂತೆಯೇ ಇರುತ್ತದೆ. ಈಚಿನ ಲಾರಿಗಳಲ್ಲಿ, ವಿಶೇಷವಾಗಿ ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮಕ್ಕೆ ಒಳಪಟ್ಟವುಗಳಲ್ಲಿ, ಒತ್ತಡದ ಏರಿಳಿತವನ್ನೇ ಅಳೆದು ಎಂಜಿನ್ನಿನ ಪುಟ್ಟ ಗಣಕಕ್ಕೆ ತಿಳಿಸುವ ಸೆನ್ಸರು ಇರುವುದುಂಟು. ಅಂತಹ ಲಾರಿಗೆ ವಾರಂಟಿ ಇರುವಾಗ ನಾವು ಕೈಹಾಕದೆ ಕಂಪನಿಯ ವರ್ಕ್‌ಷಾಪಿಗೆ ಒಯ್ಯುವುದೇ ಮೇಲು.

ದೀಪ ಹತ್ತಿದರೆ ಮೊದಲು ಮಾಡತಕ್ಕದ್ದು, ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ ಎಂಜಿನ್ನನ್ನು ಆರಿಸುವುದು. ಕೆಲವು ನಿಮಿಷ ಕಳೆದು, ಸಮನೆಲದಲ್ಲಿ, ಅಳತೆಯ ಕಡ್ಡಿಯಿಂದ ಎಣ್ಣೆಯ ಮಟ್ಟವನ್ನು ನೋಡಬೇಕು. ಎಣ್ಣೆ ತೆಳ್ಳಗಾಗಿ ಡೀಸೆಲ್ಲಿನ ವಾಸನೆ ಬರುತ್ತಿದ್ದರೆ ಅದೂ ಒಂದು ಎಚ್ಚರಿಕೆ. ವೈರು ಎಲ್ಲಿಯಾದರೂ ಉಜ್ಜಿ ಲೋಹಕ್ಕೆ ತಗಲಿದೆಯೆ, ಸೆನ್ಸರಿನ ಕೂಡುಗೊಂಡಿಯಲ್ಲಿ ಎಣ್ಣೆ ಸೋರಿ ನಿಂತಿದೆಯೆ ಎಂದು ಪರೀಕ್ಷಿಸಬೇಕು.

ಇಷ್ಟರಿಂದಲೂ ಕಾರಣ ತಿಳಿಯದಿದ್ದರೆ ಸೆನ್ಸರನ್ನು ಬಿಚ್ಚಿ, ಅದೇ ತೂತಿಗೆ ಮುಳ್ಳಿನ ಗೇಜನ್ನು ಕೂರಿಸಿ ಅಳೆಯಬೇಕು. ಬಾಗಿದ ಕೊಳವೆ ಒತ್ತಡಕ್ಕೆ ನೆಟ್ಟಗಾಗಲೆಳಸಿ ಮುಳ್ಳನ್ನು ತಿರುಗಿಸುವ ಈ ಉಪಕರಣಕ್ಕೆ ಫ್ರಾನ್ಸಿನ ಯೂಜೀನ್ ಬೂರ್ಡನ್ ೧೮೪೯ರಲ್ಲಿ ಪೇಟೆಂಟ್ ಪಡೆದರು. ಇದಕ್ಕೆ ವೈರೂ ಬೇಡ, ಬ್ಯಾಟರಿಯೂ ಬೇಡ. ಎಂಜಿನ್ನು ಕಾದ ಮೇಲೆ, ನಿಧಾನ ವೇಗದಲ್ಲಿಯೂ ಹೆಚ್ಚಿನ ವೇಗದಲ್ಲಿಯೂ ಓದಿಕೊಂಡು ಲಾರಿಯ ಕೈಪಿಡಿಯೊಡನೆ ಹೋಲಿಸಬೇಕು. ಸಾವಿರ ಸುತ್ತಿಗೆ ಚದರ ಅಂಗುಲಕ್ಕೆ ಸುಮಾರು ೧೦ ಪೌಂಡಿರಬೇಕೆಂಬ ಸ್ಥೂಲವಾದ ವಾಡಿಕೆಯೊಂದುಂಟು. ಆದರೆ ಕೈಪಿಡಿಯ ಮಾತೇ ಪ್ರಮಾಣ. ಗೇಜು ಕಡಿಮೆ ತೋರಿದರೆ ಎಂಜಿನ್ನನ್ನು ಕೂಡಲೇ ಆರಿಸಿ ಮೆಕ್ಯಾನಿಕನ್ನು ಕರೆಯಬೇಕು. ಆಗ ಹೊಸ ಸೆನ್ಸರು ಹಾಕಿ ಪ್ರಯೋಜನವಿಲ್ಲ. ಗೇಜು ಸರಿಯಾಗಿ ತೋರಿ, ವೈರೂ ನೆಟ್ಟಗಿದ್ದರೆ ಮಾತ್ರ ದೋಷ ಸೆನ್ಸರಿನದು.

ಬದಲಾಯಿಸುವ ಕೆಲಸ ಅರ್ಧ ಗಂಟೆಯದು. ಎಂಜಿನ್ನು ಆರಿ ತಣ್ಣಗಾಗಿರಬೇಕು. ಹ್ಯಾಂಡ್ ಬ್ರೇಕು ಹಾಕಿ ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ಕ್ಯಾಬಿನ್ನನ್ನು ಎತ್ತಿದ್ದರೆ ಅದರ ಆಸರೆಯ ಕೊಕ್ಕೆ ಭದ್ರವಾಗಿ ಬಿದ್ದಿದೆಯೆಂದು ನೋಡದೆ ತಲೆ ಒಡ್ಡಬಾರದು. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ಸೆನ್ಸರಿನ ಸುತ್ತಲಿನ ಧೂಳನ್ನು ಒರಸಬೇಕು; ಇಲ್ಲವಾದರೆ ಅದು ಎಣ್ಣೆಯ ದಾರಿಗೆ ಬೀಳುವುದು. ಕೂಡುಗೊಂಡಿಯನ್ನು ಅದರ ಕೊಕ್ಕೆಯೊತ್ತಿ ಬಿಡಿಸಬೇಕು, ವೈರು ಹಿಡಿದು ಎಳೆಯಬಾರದು. ಕೆಳಗೊಂದು ತಟ್ಟೆಯಿಟ್ಟು, ತಕ್ಕ ಅಳತೆಯ ಸ್ಪ್ಯಾನರಿನಿಂದ ಹಳೆಯದನ್ನು ಬಿಚ್ಚಬೇಕು. ಅದೇ ಲಾರಿಯ ಮಾದರಿಗೆ ಹೊಂದುವ ಹೊಸದನ್ನು, ತಾಮ್ರದ ವಾಷರು ಬೇಕಾದ ಬಗೆಯಾದರೆ ಹೊಸ ವಾಷರಿನೊಡನೆ, ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಬಳಿಕ ಕೈಪಿಡಿ ಹೇಳಿದಷ್ಟೇ ಬಿಗಿಮಾಡಬೇಕು. ಅತಿಯಾಗಿ ಬಿಗಿದರೆ ಬ್ಲಾಕಿನ ಮರೆ ಕೆಡುವುದು. ಒಂಟಿ ವೈರಿನ ಸ್ವಿಚ್ಚಿಗೆ ಅದರ ಮೈಯೇ ವಿದ್ಯುತ್ತಿನ ಹಿಂದಿರುಗುವ ದಾರಿ. ಮರೆಗೆ ಟೇಪು ಸುತ್ತಿದರೆ ಆ ದಾರಿ ಕೆಡಬಹುದು. ಕೊನೆಗೆ ಎಂಜಿನ್ನು ಹೊರಡಿಸಿ, ದೀಪ ಆರಿತೆ, ಎಣ್ಣೆ ಜಿನುಗುತ್ತಿದೆಯೆ ಎಂದು ಹತ್ತು ನಿಮಿಷ ನೋಡಬೇಕು. ತಟ್ಟೆಗೆ ಬಿದ್ದ ಎಣ್ಣೆಯನ್ನು ಕಾಲುವೆಗೆ ಚೆಲ್ಲಬಾರದು.

ಆ ಬಾಲಕನ ತಂದೆಯವರು ವೈರನ್ನು ಕೀಳಲಿಲ್ಲ. ಮೆಕ್ಯಾನಿಕರೊಬ್ಬರಿಂದ ಗೇಜನ್ನು ಎರವಲು ತಂದು ಅಳೆದರು, ಒತ್ತಡ ಸರಿಯಾಗಿತ್ತು. ಮನೆಯ ಮುಂದೆಯೇ ಸೆನ್ಸರನ್ನು ಬದಲಾಯಿಸಿದರು. ಮಗ ಟಾರ್ಚು ಹಿಡಿದು ನಿಂತಿದ್ದನಂತೆ. ಮರುದಿನ ತರಗತಿಯಲ್ಲಿ ಹಳೆಯ ಸೆನ್ಸರನ್ನು ಎಲ್ಲರಿಗೂ ತೋರಿಸಿ, ಪೊರೆ ಎಲ್ಲಿದೆಯೆಂದು ನನಗಿಂತ ಚೆನ್ನಾಗಿ ವಿವರಿಸಿದನು.

ಎರಡು ಲಾರಿಗಳಲ್ಲಿಯೂ ಉರಿದ ದೀಪ ಒಂದೇ ಬಗೆಯದು. ಒಂದರಲ್ಲಿ ಅದು ನಿಜ ನುಡಿಯಿತು, ಇನ್ನೊಂದರಲ್ಲಿ ಸುಳ್ಳು ನುಡಿಯಿತು. ಯಾವುದು ನಿಜ, ಯಾವುದು ಸುಳ್ಳು ಎಂದು ತಿಳಿಯಲು ಬೇಕಾದದ್ದು ಒಂದು ಗೇಜೂ ಸ್ವಲ್ಪ ತಾಳ್ಮೆಯೂ ಮಾತ್ರ. ಪೋಷಕರು ಮಕ್ಕಳ ಅಂಕಪಟ್ಟಿಯಲ್ಲಿ ಕೆಂಪು ಗೆರೆಯನ್ನು ಕಂಡಾಗಲೂ ಇದನ್ನು ನೆನೆಯಬಹುದು. ಗೆರೆಯನ್ನು ಅಳಿಸುವ ಮೊದಲು, ಅದು ಏಕೆ ಬಿದ್ದಿತೆಂದು ಒಮ್ಮೆ ಶಾಲೆಗೆ ಬಂದು ವಿಚಾರಿಸಿರಿ.