ಒಂದು ಕಳೆದಾಗ ಸಿಕ್ಕ ಹೆಸರು

‘ನಿಂದು ಎಂತ ಕೆಲಸ ಮಾರಾಯ್ತಿ?’ ಊರಿಗೆ ಹೋದಾಗಲೆಲ್ಲ ಅಮ್ಮ ಕೇಳುತ್ತಾಳೆ. ‘ಬೇರೆಯವರು ಬರೆದ ಕೋಡ್ ಓದಿ, ತಪ್ಪಿದ್ರೆ ಹೇಳೋದು’ ಅಂದರೆ, ‘ಓ, ಪೇಪರ್ ತಿದ್ದೋ ಮೇಷ್ಟ್ರ ಹಾಗೆ’ ಅಂತ ತಾನೇ ತೀರ್ಮಾನಿಸಿ ರೊಟ್ಟಿ ತಟ್ಟಲು ಒಳಗೆ ಹೋಗುತ್ತಾಳೆ. ನಾನೂ ಹಾಗೇ ಅಂದುಕೊಂಡಿದ್ದೆ. ಹೋದ ಮಳೆಗಾಲದಲ್ಲಿ ನಮ್ಮ ತಂಡದ ಕಿರಿಯ ಹುಡುಗಿ ಎರಡು ಸಾಲಿನ ಬದಲಾವಣೆಯೊಂದನ್ನು ರಿವ್ಯೂಗೆ ಕಳಿಸುವವರೆಗೆ.

ನಮ್ಮದು ಡಿಬಗ್ ಮಾಡಲು ನೆರವಾಗುವ ಲೈಬ್ರರಿ. ಪ್ರೋಗ್ರಾಂ ಓಡುತ್ತಾ ಓಡುತ್ತಾ ದಬಕ್ಕನೆ ಬಿದ್ದರೆ, ಎಲ್ಲಿ ಬಿದ್ದೆ ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಅದರ ಹತ್ತಿರ ಇರುವುದು ಬರೀ ಉದ್ದುದ್ದ ಸಂಖ್ಯೆಗಳು, ಅಂದರೆ ಮೆಮೊರಿಯ ಅಡ್ರೆಸ್‌ಗಳು. ಆ ಸಂಖ್ಯೆ ಯಾವ ಫಂಕ್ಷನ್‌ನದು ಅಂತ ಹುಡುಕಿ ಹೆಸರು ಹೇಳುವುದು ಲೈಬ್ರರಿಯ ಕೆಲಸ. ಯಾವ ಫಂಕ್ಷನ್ ಎಲ್ಲಿಂದ ಶುರು ಅನ್ನುವ ಪಟ್ಟಿಗೆ ಸಿಂಬಲ್ ಟೇಬಲ್ ಅನ್ನುತ್ತಾರೆ. ಅದನ್ನು ಅಡ್ರೆಸ್‌ಗಳ ಕ್ರಮದಲ್ಲಿ ಜೋಡಿಸಿಟ್ಟು ನಡುವೆ ತೆರೆಯುವುದು, ಬೇಡದ ಅರ್ಧ ಬಿಡುವುದು, ಉಳಿದರ್ಧದ ನಡುವೆ ಮತ್ತೆ ತೆರೆಯುವುದು. ನಿಘಂಟಿನಲ್ಲಿ ಪದ ಹುಡುಕಿದ ಹಾಗೆ. ಲಕ್ಷ ಹೆಸರಿದ್ದರೂ ಹೆಚ್ಚೆಂದರೆ 17 ಸಲ ನೋಡಿದರೆ ಮುಗಿಯಿತು.

ಆ ಹುಡುಗಿ ಕೆಲಸಕ್ಕೆ ಸೇರಿ ಆಗ ಮೂರು ತಿಂಗಳು. ಧಾರವಾಡದ ಕಡೆಯವಳು. ಒಂದು ರಾತ್ರಿ ಸರ್ವರ್‌ನ ಪ್ರೋಗ್ರಾಂ ಬಿತ್ತು. ಬೆಳಿಗ್ಗೆ ವರದಿ ತೆರೆದರೆ, ಅದರಲ್ಲಿ ಅವಳು ಬರೆದ ಫಂಕ್ಷನ್ನಿನ ಹೆಸರು! ಮೀಟಿಂಗ್‌ನಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ.

‘ಅಕ್ಕಾರ, ನನ್ನ ಫಂಕ್ಷನ್ ಆ ಹೊತ್ತಿಗೆ ಓಡೇ ಇಲ್ರೀ’ ಅಂದಳು.

‘ಹೆಸರು ಬಂದಿದೆಯಲ್ಲ? ಇನ್ನೊಮ್ಮೆ ನೋಡು’ ಅಂದುಬಿಟ್ಟೆ ನಾನು.

ಎರಡು ದಿನ ಕೂತು ನೋಡಿದಳು. ಏನೂ ಸಿಗಲಿಲ್ಲ. ಆ ಕ್ರ್ಯಾಶ್ ಮತ್ತೆ ಆಗಲೂ ಇಲ್ಲ. ವಿಷಯ ತಣ್ಣಗಾಯಿತು, ಅನುಮಾನ ಮಾತ್ರ ಹಾಗೇ ಉಳಿಯಿತು. ಆಮೇಲೆ ಮುಖ್ಯವಾದ ಕೆಲಸಗಳು ಯಾಕೋ ಅವಳ ಟೇಬಲ್ ದಾಟಿ ಮುಂದೆ ಹೋಗುತ್ತಿದ್ದವು. ಹಾಗೆ ದಾಟಿಸುತ್ತಿದ್ದವರಲ್ಲಿ ನಾನೂ ಒಬ್ಬಳು.

ತಿಂಗಳಾದ ಮೇಲೆ ಬಂತು ಅವಳ ಬದಲಾವಣೆ. ಹೆಸರು ಹುಡುಕುವ ಮುನ್ನ ಅಡ್ರೆಸ್‌ನಿಂದ ಒಂದನ್ನು ಕಳೆಯಬೇಕು. ಅಷ್ಟೇ.

‘ಒಂದು ಯಾಕೆ ಕಳೆಯಬೇಕು?’ ಅಂತ ಕೇಳಿ ತಿರಸ್ಕರಿಸಲು ಹೊರಟವಳು, ಅವಳು ಕೆಳಗೆ ಬರೆದಿದ್ದ ವಿವರಣೆ ಓದಿ ಸುಮ್ಮನಾದೆ.

ಗೋಡೆಗೆ ಗೋಡೆ ಅಂಟಿದ ಎರಡು ಮನೆಯ ವಠಾರವೊಂದನ್ನು ಊಹಿಸಿಕೊಳ್ಳಿ. ಮೊದಲ ಮನೆ 29ನೇ ಅಡಿಗೆ ಮುಗಿಯುತ್ತದೆ, ಪಕ್ಕದ್ದು 30ನೇ ಅಡಿಯಿಂದ ಶುರು. ಒಂದು ಫಂಕ್ಷನ್ ಇನ್ನೊಂದನ್ನು ಕರೆಯುವಾಗ, ‘ಕೆಲಸ ಮುಗಿಸಿ ಇಲ್ಲಿಗೆ ಬಾ’ ಅಂತ ಕರೆದ ಜಾಗದ ಮುಂದಿನ ಅಡ್ರೆಸ್ ಬರೆದಿಟ್ಟಿರುತ್ತದೆ. ಅದೇ ರಿಟರ್ನ್ ಅಡ್ರೆಸ್. ಮೊದಲ ಮನೆಯವನು ಕೊನೆಯ ಅಡಿಯಲ್ಲಿ ನಿಂತು ಕರೆದರೆ, ಬರೆದಿಟ್ಟ ವಿಳಾಸ 30, ಅಂದರೆ ಪಕ್ಕದ ಮನೆ! ಪ್ರೋಗ್ರಾಂ ಅನ್ನೇ ನಿಲ್ಲಿಸಿಬಿಡುವಂಥ, ವಾಪಸ್ ಬರದ ಫಂಕ್ಷನ್ ಒಂದನ್ನು ಕರೆದಾಗ ಹೀಗಾಗಬಹುದು. ಯಾರೂ ಹಿಂತಿರುಗುವುದಿಲ್ಲ ಅಂತ ಗೊತ್ತಿರುವ ಕಂಪೈಲರ್ ಆ ಕರೆಯ ಮುಂದೆ ಏನನ್ನೂ ಇಟ್ಟಿರುವುದಿಲ್ಲ. ಒಂದು ಕಳೆದರೆ ಮತ್ತೆ 29, ಕರೆದವನ ಮನೆಯೇ ಸಿಗುತ್ತದೆ. ಇದೇನೂ ಹೊಸ ಉಪಾಯವಲ್ಲ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಶುರು ಮಾಡಿದ ಜಿಡಿಬಿ ಎಂಬ ಹೆಸರಾಂತ ಡಿಬಗರ್ ಕೂಡ ಕರೆದವರನ್ನು ಹುಡುಕುವಾಗ ಒಂದು ಕಳೆಯುತ್ತದೆ. ನಮ್ಮ ಲೈಬ್ರರಿ ಕಳೆಯುತ್ತಿರಲಿಲ್ಲ.

ಅಂದರೆ ಆ ರಾತ್ರಿ ಬಿದ್ದದ್ದು ಪಕ್ಕದ ಫಂಕ್ಷನ್. ಅವಳದು ಅದರ ನೆರೆಮನೆ, ಅಷ್ಟೇ ತಪ್ಪು.

ನನಗೆ ನಾಚಿಕೆಯಾಯಿತು. ಕಣ್ಣು ಮುಚ್ಚಿ ಅಪ್ರೂವ್ ಒತ್ತಿಬಿಡೋಣ, ಪ್ರಾಯಶ್ಚಿತ್ತವಾದರೂ ಆಗಲಿ ಅನ್ನಿಸಿತು. ಬೆರಳು ಮೌಸ್ ಮೇಲೆಯೇ ಇತ್ತು. ಆದರೂ ಕಾಫಿ ತಂದಿಟ್ಟುಕೊಂಡು ಇನ್ನೊಮ್ಮೆ ಓದಿದೆ. ಆಗ ಕಂಡಿತು. ಅವಳು ಪಟ್ಟಿಯಲ್ಲಿದ್ದ ಎಲ್ಲ ಅಡ್ರೆಸ್‌ಗಳಿಂದಲೂ ಒಂದು ಕಳೆದಿದ್ದಳು.

ಪಟ್ಟಿಯ ತುದಿಯಲ್ಲಿರುವ ಅಡ್ರೆಸ್‌ನ ಕಥೆ ಬೇರೆ. ಪ್ರೋಗ್ರಾಂ ಮುಟ್ಟಬಾರದ ಮೆಮೊರಿ ಮುಟ್ಟಿ ಬಿದ್ದರೆ, ತುದಿಯ ಅಡ್ರೆಸ್ ಅದು ಬಿದ್ದ ನಿಖರ ಜಾಗ. ಅದು ಯಾರೂ ಬರೆದಿಟ್ಟ ವಾಪಸಾತಿ ವಿಳಾಸವಲ್ಲ. ಫಂಕ್ಷನ್ ಒಂದು ತನ್ನನ್ನೇ ತಾನು ಕರೆಯುತ್ತಾ ಹೋಗಿ ಸ್ಟ್ಯಾಕ್‌ನ ಜಾಗ ಮುಗಿದರೆ, ಹೊಸ್ತಿಲಲ್ಲೇ, ಅಂದರೆ ಮೊದಲ ಸೂಚನೆಯಲ್ಲೇ ಎಡವಬಹುದು. ಅಲ್ಲಿ ಒಂದು ಕಳೆದರೆ ಹೆಸರು ಹಿಂದಿನ ಮನೆಗೆ ಹೋಗುತ್ತದೆ. ಇವಳಿಗಾದ ಅನ್ಯಾಯ ಇನ್ನೊಬ್ಬರಿಗೆ ಆಗುತ್ತದೆ. ನಾನು ಮುಲಾಜಿಗೆ ಅಪ್ರೂವ್ ಒತ್ತಿದ್ದರೆ ಅದಕ್ಕೆ ನನ್ನ ಸಹಿಯೂ ಇರುತ್ತಿತ್ತು.

ಏನಂತ ಬರೆಯಲಿ? ಒಮ್ಮೆ ಸುಳ್ಳು ಆರೋಪ ಹೊತ್ತವಳ ಕೋಡ್‌ನಲ್ಲಿ ಮತ್ತೆ ತಪ್ಪು ತೋರಿಸಬೇಕು. ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ಎದ್ದು ಅವಳ ಟೇಬಲ್‌ಗೇ ಹೋದೆ.

‘ಆವತ್ತು ನಿನ್ನ ಮಾತು ಕೇಳಬೇಕಿತ್ತು. ತಪ್ಪು ನಮ್ಮದು’ ಅಂದೆ. ಅವಳು ಏನೂ ಹೇಳಲಿಲ್ಲ. ‘ಈಗ ಒಂದು ಪ್ರಶ್ನೆ. ಫಂಕ್ಷನ್ ಹೊಸ್ತಿಲಲ್ಲೇ ಬಿದ್ದರೆ?’

ಅವಳು ಸ್ಕ್ರೀನ್ ನೋಡಿದಳು. ಹಾಳೆ ಎಳೆದುಕೊಂಡು ಎರಡು ಚೌಕ ಬರೆದಳು. ‘ಅಯ್ಯ, ಬಾಜೂ ಮನಿಯವರ ಹೆಸರು ಬರ್ತೈತ್ರಿ!’ ಅಂತ ಹಣೆ ಚಚ್ಚಿಕೊಂಡು ನಕ್ಕಳು. ತಿಂಗಳ ನಂತರ ಅವಳು ನಕ್ಕಿದ್ದನ್ನು ನಾನು ಕಂಡದ್ದು ಆಗಲೇ.

ಸಂಜೆಯೊಳಗೆ ಬದಲಾವಣೆ ಮತ್ತೆ ಬಂತು. ಜೊತೆಗೆ ಎರಡು ಟೆಸ್ಟ್. ಕೊನೆಯ ಅಡಿಯಿಂದ ಕರೆಯುವ ಫಂಕ್ಷನ್ ಒಂದು, ಹೊಸ್ತಿಲಲ್ಲಿ ಎಡವುವ ಫಂಕ್ಷನ್ ಇನ್ನೊಂದು. ಎರಡಕ್ಕೂ ಸರಿಯಾದ ಹೆಸರು ಬಂತು. ಈ ಸಲ ನೆಮ್ಮದಿಯಿಂದ ಅಪ್ರೂವ್ ಮಾಡಿದೆ. ಆ ಹಳೆಯ ಕ್ರ್ಯಾಶ್‌ನ ದಾಖಲೆಯಲ್ಲೂ, ಎಲ್ಲರಿಗೂ ಕಾಣುವಂತೆ, ಅದು ಅವಳ ಫಂಕ್ಷನ್ ಅಲ್ಲ ಅಂತ ನಾನೇ ಬರೆದೆ. ಮಾರನೇ ವಾರದ ದೊಡ್ಡ ಕೆಲಸ ಅವಳ ಟೇಬಲ್ ದಾಟಲಿಲ್ಲ.

ದಸರಾಕ್ಕೆ ಊರಿಗೆ ಹೋದಾಗ ಅಮ್ಮನ ಅದೇ ಪ್ರಶ್ನೆ. ಈ ಸಲ ಉತ್ತರ ಬದಲಿಸಿದೆ: ‘ವಿಳಾಸ ನೋಡಿ ಹೆಸರು ಹೇಳೋ ಕೆಲಸ.’

‘ಓ, ಪೋಸ್ಟ್‌ಮ್ಯಾನ್ ಹಾಗೆ’ ಅಂದಳು. ಒಳಗೆ ಹೋದವಳು ಬಾಗಿಲಲ್ಲಿ ನಿಂತು ಸೇರಿಸಿದಳು: ‘ನೋಡ್ಕೊಂಡು ಮಾಡು. ಯಾರದ್ದೋ ಕಾಗದ ಯಾರ ಮನೆಗೋ ಹೋದ್ರೆ ಕಷ್ಟ.’