ಓಡುವ ಎಂಜಿನ್ ಕಣ್ಣೆದುರೇ ನಿಂತಾಗ!

ಅಂಬಾಸಿಡರ್ ಎಂಜಿನ್ ಗುಡುಗುಡು ಓಡುತ್ತಿದೆ, ಫ್ಯಾನಿನ ಗಾಳಿ ಮುಖಕ್ಕೆ ರಾಚುತ್ತಿದೆ. ಟೈಮಿಂಗ್ ಲೈಟಿನ ಗುಂಡಿ ಒತ್ತಿದ್ದೇ ತಡ, ಕ್ರ್ಯಾಂಕ್ ಪುಲ್ಲಿ ಗಕ್ಕನೆ ನಿಂತುಬಿಟ್ಟಿತು! ಅದರ ಅಂಚಿನ ಕಚ್ಚಿಗೆ ಮೊದಲೇ ಸೀಮೆಸುಣ್ಣ ತಿಕ್ಕಿದ್ದೆವು. ಆ ಬಿಳಿ ಗೆರೆ ಟೈಮಿಂಗ್ ಕವರಿನ ಮುಳ್ಳಿನ ಪಕ್ಕ ತುಸುವೇ ನಡುಗುತ್ತಾ ನಿಂತಿದೆ. ಪುಲ್ಲಿ ನಿಜಕ್ಕೂ ನಿಂತಿಲ್ಲ. ಒಂದನೇ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಷ್ಟೇ ಲೈಟು ಮಿಂಚುತ್ತದೆ, ಹಾಗಾಗಿ ಪ್ರತಿ ಸಲವೂ ಪುಲ್ಲಿ ಅದೇ ಜಾಗದಲ್ಲಿ ಕಣ್ಣಿಗೆ ಬೀಳುತ್ತದೆ.

ಅದಕ್ಕಿಂತ ದೊಡ್ಡ ಅಚ್ಚರಿ ಇನ್ನೊಂದಿದೆ. ಪಿಸ್ಟನ್ ತುತ್ತತುದಿ ಮುಟ್ಟುವ ಮೊದಲೇ ಕಿಡಿ ಹಾರಿಬಿಡುತ್ತದೆ! ಯಾಕೆಂದರೆ ಪೆಟ್ರೋಲ್ ಆವಿ ಢಂ ಎಂದು ಸಿಡಿಯುವುದಿಲ್ಲ, ಒಣಹುಲ್ಲಿಗೆ ತಗುಲಿದ ಬೆಂಕಿಯಂತೆ ಹಬ್ಬುತ್ತಾ ಹೋಗುತ್ತದೆ. ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು ಹಿಡಿಯಿತು ಎನ್ನೋಣ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಅಷ್ಟರೊಳಗೆ ಕ್ರ್ಯಾಂಕ್ 36 ಡಿಗ್ರಿ ತಿರುಗಿರುತ್ತದೆ! ಕಿಡಿ ತಡವಾದರೆ ಪಿಕಪ್ ಇಲ್ಲ, ಎಂಜಿನ್ ಕಾಯುತ್ತದೆ. ತೀರಾ ಮುಂಚೆಯಾದರೆ ದಿಬ್ಬ ಹತ್ತುವಾಗ ಕಟಕಟ ನಾಕಿಂಗ್.

ಫೋರ್ಡ್ ಮಾಡೆಲ್ ಟಿ ಕಾಲದಲ್ಲಿ ಈ ಲೆಕ್ಕವೆಲ್ಲ ಚಾಲಕನ ಎಡಗೈಯದು. ಸ್ಟಿಯರಿಂಗ್ ಕೆಳಗಿನ ಸಣ್ಣ ಲಿವರನ್ನು ವೇಗಕ್ಕೆ ತಕ್ಕಂತೆ ಅವನೇ ಸರಿಸಬೇಕಿತ್ತು. ಹ್ಯಾಂಡಲ್ ಹೊಡೆಯುವ ಮುಂಚೆ ಕಿಡಿಯನ್ನು ತಡಮಾಡಿ ಇಡಲು ಮರೆತರೆ ಎಂಜಿನ್ ಹಿಂದಕ್ಕೆ ಒದ್ದು ಮಣಿಕಟ್ಟನ್ನೇ ಮುರಿಯುತ್ತಿತ್ತು.

ಅಂಬಾಸಿಡರ್‌ನಲ್ಲಿ ಆ ಕೆಲಸವನ್ನು ಡಿಸ್ಟ್ರಿಬ್ಯೂಟರೇ ಮಾಡಿಕೊಳ್ಳುತ್ತದೆ. ಎರಡು ಪುಟ್ಟ ತೂಕಗಳು, ಎರಡು ಸ್ಪ್ರಿಂಗು, ಅಷ್ಟೇ! ವೇಗ ಏರಿದಂತೆ ತೂಕಗಳು ಹೊರಕ್ಕೆ ಚಿಮ್ಮಿ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಲೈಟು ಹಿಡಿದು ಆಕ್ಸಿಲರೇಟರ್ ಒತ್ತಿಸಿ, ಸೀಮೆಸುಣ್ಣದ ಗೆರೆ ತಾನಾಗಿಯೇ ಸರಿದು ಹೋಗುವುದನ್ನು ನೋಡಿ! ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ.

ನಾವು ಕೈಹಾಕಬೇಕಾದದ್ದು ಆರಂಭದ ಜಾಗಕ್ಕೆ ಮಾತ್ರ. ಮೊದಲು ಪಾಯಿಂಟ್ ಗ್ಯಾಪನ್ನು ಫೀಲರ್ ಗೇಜಿನಿಂದ ಸರಿಮಾಡಿಕೊಳ್ಳಬೇಕು, ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆಮೇಲೆ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ, ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಡಿಸ್ಟ್ರಿಬ್ಯೂಟರನ್ನು ಹೊರಳಿಸಿದರೆ ಕಿಡಿ ಮುಂಚೆ ಬರುತ್ತದೆ. ಕೂದಲೆಳೆಯಷ್ಟೇ ಹೊರಳಿಸಿ! ಡಿಸ್ಟ್ರಿಬ್ಯೂಟರ್ ಅರ್ಧ ವೇಗದಲ್ಲಿ ಸುತ್ತುವುದರಿಂದ ಇಲ್ಲಿಯ ಒಂದು ಡಿಗ್ರಿ ಕ್ರ್ಯಾಂಕಿನಲ್ಲಿ ಎರಡು.

ಪಕ್ಕದಲ್ಲಿರುವ ಚಪ್ಪಟೆ ವ್ಯಾಕ್ಯೂಮ್ ಡಬ್ಬಿಯನ್ನು ಬಿಡಲಾದೀತೇ! ಕಾಲು ಹಗುರಾಗಿ ಇಟ್ಟು ಓಡಿಸುವಾಗ ಒಳಗೆ ಹೋಗುವ ಆವಿ ತೆಳು, ಉರಿಯುವುದು ನಿಧಾನ. ಆಗ ಕಾರ್ಬ್ಯುರೇಟರಿನ ಕಡೆಯ ಸೆಳೆತವೇ ಕಿಡಿಯನ್ನು ಇನ್ನಷ್ಟು ಮುಂದಕ್ಕೆ ಎಳೆಯುತ್ತದೆ. ಪರೀಕ್ಷಿಸಲು ಉಪಕರಣವೇ ಬೇಡ. ಎಂಜಿನ್ ನಿಲ್ಲಿಸಿ, ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಡಬ್ಬಿಯ ಪೈಪನ್ನು ಕಾರ್ಬ್ಯುರೇಟರಿನಿಂದ ಬಿಡಿಸಿ ಅದರ ತುದಿ ಬಾಯಿಗಿಟ್ಟು ಉಸಿರೆಳೆಯಿರಿ. ಒಳಗಿನ ಪ್ಲೇಟು ಸರ್ರನೆ ಸರಿಯಬೇಕು. ಸರಿಯದಿದ್ದರೆ ಡಯಾಫ್ರಮ್ ಹರಿದಿರಬಹುದು, ಹೊಸ ಡಬ್ಬಿ ಹುಡುಕಬೇಕು!